ಹಿತ್ತಲ ಕೋಣೆಯ ಪುರುಸೊತ್ತು

ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ನೆಟ್ಟಗಿನ ಸಂಶೋಧನೆ ನಡೆದದ್ದು ಯಾವ ಪ್ರಯೋಗಶಾಲೆಯಲ್ಲೂ ಅಲ್ಲ, ಬಸವನಗುಡಿಯ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ. ಅದೂ ನಾನು ಮನೆಯೊಳಕ್ಕೆ ಕಾಲಿಡಬಾರದ ದಿನಗಳಲ್ಲಿ. ಇದನ್ನು ಹೇಳಿದರೆ ಈಗಿನ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ತಿಂಗಳಿಗೆ ಮೂರು ದಿನ ಹೊರಗೆ ಕೂರಿಸುವುದು ಅವಮಾನ ಎಂದು ಅವರು ಹೇಳುವುದು ಸರಿಯೇ. ಆದರೆ ಆಗ ನನಗೆ ಅವಮಾನಕ್ಕಿಂತ ಮೊದಲು ಆಗುತ್ತಿದ್ದದ್ದು ಸುಖ, ಕಾಲು ಚಾಚಿ ಕೂತವಳ ಸುಖ. ಇಲ್ಲವೆಂದು ಸುಳ್ಳು ಹೇಳುವುದಕ್ಕೂ ಈ ವಯಸ್ಸಿನಲ್ಲಿ ಶಕ್ತಿ ಬೇಕು, ಅದು ನನ್ನಲ್ಲಿ ಉಳಿದಿಲ್ಲ.

ಐವತ್ತರ ದಶಕದ ನಡುವಿನ ಮಾತು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಬೆಳಗ್ಗೆ ಬಚ್ಚಲೊಲೆಗೆ ಉರಿ ಹಾಕುವುದರಿಂದ ನನ್ನ ದಿನ ಶುರು. ನೀರು ಸೇದಿ, ಬಾಗಿಲಿಗೆ ರಂಗೋಲಿ ಇಟ್ಟು, ಕಾಫಿ ಬೆರೆಸಿ, ತರಕಾರಿ ಹೆಚ್ಚಿಟ್ಟು, ಯಜಮಾನರ ಡಬ್ಬಿ ಕಟ್ಟಿ, ಅರ್ಧ ಹೆಣೆದ ಜಡೆಯಲ್ಲೇ ಕಾಲೇಜಿಗೆ ಓಡುತ್ತಿದ್ದೆ. ಸಂಜೆ ಬಂದರೆ ಅದೇ ಒಲೆ, ಅದೇ ಬಾವಿ. ಯಜಮಾನರು ಸರ್ಕಾರಿ ಕಚೇರಿಯ ಗುಮಾಸ್ತರು, ಒಳ್ಳೆಯವರು. ಪತ್ರಿಕೆ ಕೈಗೆ ಬಂದರೆ ಪಕ್ಕದಲ್ಲಿ ಮನೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಅತ್ತೆಯವರು ಮಡಿ ಹೆಂಗಸು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬ ಮಗನನ್ನು ಬೆಳೆಸಿದವರು. ಅವರು ಒದ್ದೆ ಸೀರೆಯಲ್ಲಿ ಅಡಿಗೆ ಮನೆಗೆ ನಡೆದರೆ ನಾವೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕಾಗಿತ್ತು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ನನಗೆ ಮಕ್ಕಳಾಗಿರಲಿಲ್ಲ. ಅತ್ತೆಯವರು ಅದಕ್ಕಾಗಿ ನನ್ನನ್ನು ಬಯ್ದವರಲ್ಲ. ಪ್ರತಿ ತಿಂಗಳು ನಾನು ಹಿತ್ತಲ ಕೋಣೆಗೆ ಚಾಪೆ ಎತ್ತಿಕೊಂಡು ಹೋಗುವಾಗ ಒಂದು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೆ. ಆ ನಿಟ್ಟುಸಿರು ಬಯ್ಗುಳಕ್ಕಿಂತ ಭಾರವಾಗಿತ್ತು.

ಈಗ ನನ್ನ ಹುಚ್ಚಿನ ವಿಷಯ ಹೇಳಬೇಕು. ಮರದಡಿಯ ಕೊಳೆತ ಎಲೆಗಳ ಮಣ್ಣಿನಲ್ಲಿ ಒಂದು ಬಗೆಯ ಲೋಳೆ ಬೂಷ್ಟು ಇರುತ್ತದೆ. ಹೊಟ್ಟೆಗೆ ಇರುವ ತನಕ ಅದರ ಒಂದೊಂದು ಜೀವಕೋಶವೂ ತನ್ನ ಪಾಡಿಗೆ ತಾನು ತಿರುಗಾಡಿಕೊಂಡು ಬ್ಯಾಕ್ಟೀರಿಯಾ ತಿಂದುಕೊಂಡಿರುತ್ತದೆ. ಆಹಾರ ಮುಗಿಯಿತೋ, ಅವುಗಳಲ್ಲಿ ಯಾವುದೋ ಒಂದು ಮಿಕ್ಕವನ್ನು ಕರೆಯುತ್ತದೆ. ಸಾವಿರಾರು ಕೋಶಗಳು ಎಲ್ಲ ಕಡೆಯಿಂದ ಹರಿದು ಬಂದು ಒಂದೆಡೆ ಸೇರಿ, ಒಂದೇ ಮೈಯಾಗಿ, ಸಣ್ಣ ದಂಟಿನಂತೆ ಮೇಲೆದ್ದು ನಿಲ್ಲುತ್ತವೆ. ಬಾಯಿಲ್ಲದ, ಕಿವಿಯಿಲ್ಲದ ಕೋಶ ಇನ್ನೊಂದನ್ನು ಹೇಗೆ ಕರೆಯುತ್ತದೆ? ನೀರಿನಲ್ಲಿ ಹರಿಯುವ ಯಾವುದೋ ವಸ್ತುವಿನಿಂದ ಎಂದು ಹೊರದೇಶದವರು ಅದಾಗಲೇ ತೋರಿಸಿದ್ದರು. ಆ ವಸ್ತು ಯಾವುದು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಾಗಬಾರದೇಕೆ ಎಂದು ನಾನು ಹಟ ಹಿಡಿದಿದ್ದೆ. ಕಾಲೇಜಿನಲ್ಲಿ ನನ್ನ ಬೆನ್ನ ಹಿಂದೆ ನನಗೆ ‘ಬೂಷ್ಟಮ್ಮ’ ಎಂದು ಹೆಸರಿಟ್ಟಿದ್ದರು.

ವಸ್ತುವನ್ನು ಬೇರ್ಪಡಿಸುವುದು ನನ್ನಂಥವಳ ಕೈಯಲ್ಲಾಗುವ ಕೆಲಸವಲ್ಲ, ಅದಕ್ಕೆ ರಸಾಯನಶಾಸ್ತ್ರ ಬೇಕು. ಮಲ್ಲೇಶ್ವರದ ಕಾಲೇಜೊಂದರಲ್ಲಿದ್ದ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಜೊತೆಗೂಡಲು ಒಪ್ಪಿದರು. ಪೇಟೆಯಲ್ಲಿ ತಲೆಮಾರುಗಳಿಂದ ದಿನಸಿ ವ್ಯಾಪಾರ ಮಾಡಿಕೊಂಡಿದ್ದ ಲಿಂಗಾಯತರ ಮನೆಯವರು. ಹಣೆಯ ತುಂಬ ವಿಭೂತಿ, ತೂಕದ ಮಾತು. ಅಂಗಡಿಯ ತಕ್ಕಡಿಯ ಮುಂದೆ ಬೆಳೆದವರಾದ್ದರಿಂದ ಕಣ್ಣಿಗೆ ಕಾಣದ್ದನ್ನು ಅವರು ಸುಲಭಕ್ಕೆ ನಂಬುತ್ತಿರಲಿಲ್ಲ. ಬೂಷ್ಟು ಬೆಳೆಸುವ ತಟ್ಟೆಗಳಿಗೆ ಬೇಕಾದ ಚೈನಾ ಗ್ರಾಸನ್ನು ಅವರ ಅಂಗಡಿಯಿಂದಲೇ ತಂದುಕೊಡುತ್ತಿದ್ದರು. ಮದುವೆಮನೆಯಲ್ಲಿ ಹಲ್ವ ಗಟ್ಟಿಯಾಗಲು ಹಾಕುವ ಆ ಎಳೆಗಳನ್ನು ನಾನು ಸಗಣಿಯ ಕಷಾಯದಲ್ಲಿ ಕುದಿಸುತ್ತೇನೆಂದು ಕೇಳಿ ಅವರ ತಂದೆ ಕೈಮುಗಿದರಂತೆ.

ಕೆಲಸ ಹಂಚಿಕೊಂಡ ರೀತಿ ಹೀಗೆ. ನಾನು ಕಾಲೇಜಿನಲ್ಲಿ ಕೋಶಗಳನ್ನು ಬೆಳೆಸಿ, ಅವು ಸೇರುವ ಹೊತ್ತಿನಲ್ಲಿ ಅವುಗಳ ಸುತ್ತಲಿನ ನೀರನ್ನು ಗಾಜಿನ ಕೊಳವೆಯಲ್ಲಿ ಹೀರಿ ಸೀಸೆಗೆ ತುಂಬಬೇಕು. ಆ ಸೀಸೆಯನ್ನು ಹಿಡಿದು ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಹೂವಿನ ಮೂಟೆ, ಸೊಪ್ಪಿನ ಕುಕ್ಕೆಗಳ ನಡುವೆ ನುಗ್ಗಿ, ಇನ್ನೊಂದು ಬಸ್ಸು ಹಿಡಿದು ಮಲ್ಲೇಶ್ವರ ಸೇರಬೇಕು. ಅವರು ಆ ನೀರನ್ನು ಸೋಸಿ ಆರಿಸಿ ಭಾಗ ಮಾಡಿ ಕೊಟ್ಟದ್ದನ್ನು ನಾನು ಮತ್ತೆ ತಂದು ಹಸಿದ ಕೋಶಗಳ ಪಕ್ಕದಲ್ಲಿಟ್ಟು, ಅವು ಅದರ ಕಡೆಗೆ ತಿರುಗುತ್ತವೆಯೇ ಎಂದು ನೋಡಬೇಕು. ಕೋಶಗಳನ್ನು ಅವರ ಬಳಿಯಲ್ಲೇ ಬೆಳೆಸೋಣವೆಂದರೆ ಅವರ ಕೋಣೆಯ ಆಸಿಡ್ಡಿನ ಗಾಳಿಗೆ ನನ್ನ ಬೂಷ್ಟು ಒಂದು ದಿನವೂ ಬಾಳುತ್ತಿರಲಿಲ್ಲ. ಹೀಗಾಗಿ ಎರಡು ವರ್ಷ ನಾನು ಸೀಸೆ ಹೊತ್ತೆ. ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದೆ. ಕೋಶಗಳು ಒಂದು ಸಲವೂ ತಿರುಗಲಿಲ್ಲ.

ಆ ವರ್ಷದ ಬೇಸಿಗೆ ರಜೆಗೆ ಮುಂಚೆ ಮೇಷ್ಟ್ರು ನನ್ನನ್ನು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಿದರು: “ನಿಮ್ಮ ಸೀಸೇಲಿ ಏನೂ ಇಲ್ಲ ಮೇಡಂ. ನನಗೂ ಮೇಲಿನೋರು ಬೇರೆ ಕೆಲಸ ಹಿಡೀರಿ ಅಂತಿದಾರೆ. ಈ ರಜ ಮುಗಿಯೋ ತನಕ ನೋಡೋಣ. ಆಮೇಲೆ ನನ್ನ ಕೈಲಾಗಲ್ಲ.” ಅವರ ಮೇಲೆ ನನಗೆ ಸಿಟ್ಟು ಬಂತು, ಅವರು ಹೇಳಿದ್ದು ನ್ಯಾಯವಾಗಿತ್ತಾದ್ದರಿಂದ ಇನ್ನಷ್ಟು ಬಂತು. ಅವರು ಬಿಟ್ಟರೆ ನನ್ನ ಕೆಲಸ ಅಲ್ಲಿಗೆ ಮುಗಿದಂತೆ. ಆಮೇಲೆ ನಾನು ಜನ್ಮವಿಡೀ ಹುಡುಗಿಯರಿಗೆ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ತೋರಿಸಿಕೊಂಡು ಇರುವವಳು. ವಾಪಸು ಬರುವಾಗ ಮಾರ್ಕೆಟ್ಟಿನಲ್ಲಿ ಇಳಿದು ಅತ್ತೆಯವರು ಹೇಳಿದ್ದ ಬೂದುಗುಂಬಳ ಕೊಂಡು, ಅದನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಬಂದೆ.

ರಜೆಯಲ್ಲಿ ಕಾಲೇಜಿಗೆ ಬೀಗ. ಹಳೆಯ ಹಿತ್ತಾಳೆಯ ಮೈಕ್ರೋಸ್ಕೋಪೊಂದನ್ನು ಪ್ರಿನ್ಸಿಪಾಲರನ್ನು ಬೇಡಿ ಮನೆಗೆ ತಂದೆ. ತಟ್ಟೆಗಳನ್ನು ಇಡಲು ತಂಪಾದ ಜಾಗ ಬೇಕಿತ್ತು, ಮನೆಯಲ್ಲಿ ಅಂಥದ್ದು ಒಂದೇ: ಬಾವಿಯ ಪಕ್ಕದ, ಹೆಂಚಿನ ಮಾಡಿನ ಹಿತ್ತಲ ಕೋಣೆ. ತಟ್ಟೆಯಲ್ಲಿ ಏನಿದೆ ಎಂದು ಅತ್ತೆಯವರು ಕೇಳಿದರು. ಸಗಣಿ ಎಂದೆ. ಸಗಣಿಗೆ ಮೈಲಿಗೆಯಿಲ್ಲವಾದ್ದರಿಂದ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಏನು ಬೆಳೆಯುತ್ತದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒದ್ದೆ ಗೋಣಿತಾಟು ಹೊದಿಸಿ ತಟ್ಟೆಗಳನ್ನು ಸಾಲಾಗಿಟ್ಟೆ. ಆದರೆ ನೋಡಲು ಪುರುಸೊತ್ತೆಲ್ಲಿ? ಹೋಗಿ ಕಣ್ಣಿಟ್ಟರೆ ಒಳಗಿನಿಂದ ಕರೆ. ಒಗ್ಗರಣೆ ಹಾಕಿ ಓಡಿ ಬರುವಷ್ಟರಲ್ಲಿ ಕೋಶಗಳು ಸೇರಿ ಮುಗಿದಿರುತ್ತಿದ್ದವು.

ಆಗ ನಾನು ಹೊರಗಾದೆ. ಅತ್ತೆಯವರು ನಿಟ್ಟುಸಿರು ಬಿಟ್ಟರು. ನಾನು ಚಾಪೆ, ತಟ್ಟೆ, ಲೋಟ ತೆಗೆದುಕೊಂಡು ಹಿತ್ತಲ ಕೋಣೆ ಸೇರಿ ಬಾಗಿಲಿಗೆ ಬೆನ್ನುಕೊಟ್ಟು ಕೂತೆ. ಮೂರು ದಿನ ನನ್ನನ್ನು ಯಾರೂ ಮುಟ್ಟುವಂತಿಲ್ಲ, ನಾನು ಮುಟ್ಟಿದ್ದನ್ನೂ ಮುಟ್ಟುವಂತಿಲ್ಲ. ಊಟ ಹೊಸ್ತಿಲಾಚೆಯಿಂದ ಬರುತ್ತದೆ. ಒಲೆಯಿಲ್ಲ, ಬಾವಿಯಿಲ್ಲ, ನನ್ನನ್ನು ಕೂಗುವವರಿಲ್ಲ. ಕಿಟಕಿಯ ಬಿಸಿಲನ್ನು ಮೈಕ್ರೋಸ್ಕೋಪಿನ ಕನ್ನಡಿಗೆ ಹಿಡಿದು ಕಣ್ಣಿಟ್ಟೆ. ಪ್ರಪಂಚದಲ್ಲಿ ಆ ಹೊತ್ತು ನನ್ನಷ್ಟು ಪುರುಸೊತ್ತಿನ ವಿಜ್ಞಾನಿ ಇನ್ನೊಬ್ಬರು ಇದ್ದಿರಲಾರರು.

ಎರಡು ವರ್ಷ ಕದ್ದು ಮುಚ್ಚಿ ಇಣುಕಿ ನೋಡಿದ್ದನ್ನು ಆಗ ಪೂರ್ತಿ ನೋಡಿದೆ. ಕೋಶಗಳು ಒಂದೇ ಸಮನೆ ಹರಿದು ಬರುವುದಿಲ್ಲ. ಒಂದಿಷ್ಟು ಮುಂದೆ ಬರುತ್ತವೆ, ತಡೆದು ನಿಲ್ಲುತ್ತವೆ, ಮತ್ತೆ ಒಂದಿಷ್ಟು ಬರುತ್ತವೆ. ಅಲೆ ಅಲೆಯಾಗಿ. ಕರೆ ಬಂದಾಗ ಹೊರಟು, ಕರೆ ಅಡಗಿದಾಗ ನಿಂತು, ಮತ್ತೆ ಕರೆ ಬಂದಾಗ ಹೊರಡುವಂತೆ. ಕರೆ ಅಡಗುವುದು ಹೇಗೆ? ಕಳಿಸಿದ ವಸ್ತು ಅಷ್ಟು ಬೇಗ ಹಾಳಾಗಿಹೋದರೆ ಮಾತ್ರ. ಸೇರುತ್ತಿದ್ದ ಕೋಶಗಳ ನಡುವಿನಿಂದ ಒಂದು ಹನಿ ನೀರು ಹೀರಿ, ತಕ್ಷಣ ಪಕ್ಕದ ತಟ್ಟೆಯ ಹಸಿದ ಕೋಶಗಳ ಬಳಿ ಬಿಟ್ಟೆ. ಹತ್ತಿರದವು ಹನಿಯ ಕಡೆಗೆ ತಿರುಗಿದವು. ಇನ್ನೊಂದು ಹನಿ ತೆಗೆದು ಹಾಗೇ ಇಟ್ಟೆ, ಹೊಸ್ತಿಲಿಗೆ ಬಂದಿದ್ದ ಹುಳಿ ಅನ್ನ ಉಂಡು ಕೈತೊಳೆದು ಬಂದು ಬಿಟ್ಟೆ. ಒಂದೂ ಅಲುಗಲಿಲ್ಲ. ಬೆಳಕಿರುವ ತನಕ ಮತ್ತೆ ಮತ್ತೆ ಮಾಡಿದೆ, ಮರುದಿನವೂ ಮಾಡಿದೆ. ಹಸಿ ಹನಿಗೆ ಬಂದವು, ಹೊತ್ತು ಕಳೆದ ಹನಿಗೆ ಬರಲಿಲ್ಲ. ಸೀಸೆಯಲ್ಲಿ ಏನೂ ಇಲ್ಲವೆಂದು ಮೇಷ್ಟ್ರು ಹೇಳಿದ್ದು ನಿಜವಾಗಿತ್ತು. ತುಂಬಿದಾಗ ಇದ್ದದ್ದು ಮಾರ್ಕೆಟ್ಟು ತಲುಪುವ ಮೊದಲೇ ಸತ್ತುಹೋಗುತ್ತಿತ್ತು. ನಾನು ಎರಡು ವರ್ಷ ಬರಿಯ ನೀರು ಹೊತ್ತಿದ್ದೆ. ಹಿತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕೆ, ಆಮೇಲೆ ಅಳು ಬಂತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಸೇರಿದವಳೇ ಏನೋ ನೆಪ ಹೇಳಿ ಮಲ್ಲೇಶ್ವರಕ್ಕೆ ಹೋದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು, ಒಂದೆರಡು ಸಲ ತಕ್ಕಡಿಯಲ್ಲಿಟ್ಟು ನೋಡುವವರಂತೆ ಪ್ರಶ್ನೆ ಹಾಕಿದರು. ಆಮೇಲೆ ಅವರೇ ದಾರಿ ಹೇಳಿದರು. ಹೀರಿದ ಕ್ಷಣದಲ್ಲೇ ನೀರನ್ನು ಐಸಿನಲ್ಲಿಟ್ಟ ಸ್ಪಿರಿಟ್ಟಿಗೆ ಹಾಕಬೇಕು, ತಣ್ಣನೆಯ ಸ್ಪಿರಿಟ್ಟಿನಲ್ಲಿ ವಸ್ತು ಕೆಡದೆ ನಿಂತರೂ ನಿಲ್ಲಬಹುದು. ಅಂದರೆ ಬೆಳೆಸುವವಳೂ ಸ್ಪಿರಿಟ್ ಹಿಡಿಯುವವರೂ ಒಂದೇ ಕಡೆ ಇರಬೇಕು. ಎಂದು, ಎಲ್ಲಿ ಎಂದು ಅವರು ಕೇಳಿದರು. ಇದಕ್ಕೆ ಉತ್ತರ ಹೇಳುವುದು ನನಗೆ ಎಲ್ಲ ಪ್ರಯೋಗಕ್ಕಿಂತ ಕಷ್ಟವಾಯಿತು. ನಮ್ಮ ಹಿತ್ತಲ ಬಾಗಿಲಿನ ಆಚೆ ಗಲ್ಲಿಯಿದೆಯೆಂದೂ, ಬರುವ ತಿಂಗಳು ಇಂಥ ದಿನದ ಸುಮಾರಿಗೆ ನನಗೆ ಪುರುಸೊತ್ತಿರುತ್ತದೆಂದೂ, ಮಿಕ್ಕ ದಿನ ಇರುವುದಿಲ್ಲವೆಂದೂ ಹೇಳಿದೆ. ಅವರೂ ಹೆಂಡತಿ, ತಂಗಿಯರಿದ್ದ ಮನೆಯವರು. ಸ್ವಲ್ಪ ಹೊತ್ತು ತಮ್ಮ ಚಪ್ಪಲಿ ನೋಡಿಕೊಂಡು, ಆಗಲಿ ಎಂದರು.

ಪಾಯಿಖಾನೆ ತೊಳೆಯುವವರು ಓಡಾಡಲೆಂದು ಮನೆಗಳ ಬೆನ್ನಿಗೆ ಬಿಟ್ಟಿದ್ದ ಕಿರಿದಾದ ಗಲ್ಲಿ ಅದು. ಮರ್ಯಾದಸ್ತರು ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ. ಹೇಳಿದ ದಿನ ಮೇಷ್ಟ್ರು ಸೈಕಲ್ಲಿನ ಹಿಂದೆ ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ಕಟ್ಟಿಕೊಂಡು ಬಂದರು. ಪಂಚೆ ಎತ್ತಿ ಕಟ್ಟಿ, ಮೂಗಿಗೆ ಕರವಸ್ತ್ರ ಕಟ್ಟಿ, ಬಕೆಟ್ಟಿನಲ್ಲಿ ಐಸು, ಉಪ್ಪು, ಅದರ ನಡುವೆ ಸ್ಪಿರಿಟ್ಟಿನ ಸೀಸೆ ಹೂತಿಟ್ಟುಕೊಂಡು ಬಾಗಿಲಾಚೆ ಕಲ್ಲಿನ ಮೇಲೆ ಕೂತರು. ಕೋಣೆಗೆ ಗಲ್ಲಿಯ ಕಡೆಗೂ ಒಂದು ಬಾಗಿಲಿತ್ತು. ಒಂದು ತಟ್ಟೆಯಲ್ಲಿ ಕೋಶಗಳು ಸೇರಲು ಶುರುವಾದವೆಂದರೆ ನಾನು ಹೀರಿ ಕೈ ಚಾಚುತ್ತಿದ್ದೆ, ಅವರು ಸೀಸೆ ಚಾಚುತ್ತಿದ್ದರು. ಬಿಸಿಲೇರಿತು, ಐಸು ಕರಗಿ ಗಲ್ಲಿಯಲ್ಲಿ ಹರಿಯಿತು. ಅವರು ಒಮ್ಮೆಯೂ ಗೊಣಗಲಿಲ್ಲ. ಅತ್ತೆಯವರು ಆ ಹೊತ್ತಿಗೆ ಊಟ ಮುಗಿಸಿ ನಡುಮನೆಯಲ್ಲಿ ಮಲಗಿರುತ್ತಾರೆ ಎಂಬ ಧೈರ್ಯ ನನಗೆ. ಸಂಜೆ ಮೇಷ್ಟ್ರು ಸೀಸೆ ತೆಗೆದುಕೊಂಡು ಹೊರಟಾಗ ಬಾಗಿಲ ಸಂದಿಯಲ್ಲೇ ನಿಂತು, ಇದು ನಿಂತರೆ ಇನ್ನೊಂದು ಸಲ ಮಾಡಲೇಬೇಕು, ಒಂದು ಸಲದ್ದನ್ನು ಯಾರೂ ನಂಬುವುದಿಲ್ಲ ಎಂದರು. ಬರುವ ತಿಂಗಳು ಮತ್ತೆ ಪುರುಸೊತ್ತಿರುತ್ತದೆ, ಬನ್ನಿ ಎಂದೆ.

ಸ್ಪಿರಿಟ್ ಆರಿಸಿ ಉಳಿದದ್ದು ಗಾಜಿನ ಕೊಳವೆಯ ತಳದಲ್ಲಿ ಕಂಡೂ ಕಾಣದ ಒಂದು ಪೊರೆ. ಅದನ್ನು ಅವರು ಮುಂದಿನ ವಾರ ತಲುಪಿಸಿದರು. ಅತ್ತೆಯವರು ಮಲಗಿದ್ದಾಗ ಹಿತ್ತಲಿಗೆ ಓಡಿ, ಅದನ್ನು ಹನಿ ನೀರಿನಲ್ಲಿ ಕದಡಿ ಹಸಿದ ಕೋಶಗಳ ಒಂದು ಪಕ್ಕಕ್ಕೆ ಬಿಟ್ಟೆ, ಇನ್ನೊಂದು ಪಕ್ಕಕ್ಕೆ ಬರಿಯ ನೀರು. ನೀರಿನ ಕಡೆ ಯಾವುದೂ ಹೋಗಲಿಲ್ಲ. ಮಲ್ಲೇಶ್ವರಕ್ಕೆ ಹೋಗಿ ಬಂದ ಹನಿಯ ಕಡೆಗೆ ಅವು ಮೆಲ್ಲಗೆ, ತಡೆದು ತಡೆದು, ಬಂದವು. ಅಷ್ಟು ಸಂತೋಷ ನನಗೆ ಹಿಂದೆ ಆಗಿರಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಯಜಮಾನರಿಗೆ ಹೇಳಿದೆ, ಪತ್ರಿಕೆಯ ಆಚೆಯಿಂದ ಭೇಷ್ ಎಂದರು.

ಮುಂದಿನ ತಿಂಗಳ ಆ ದಿನ ಬಂತು, ನಾನು ಹೊರಗಾಗಲಿಲ್ಲ. ಮೇಷ್ಟ್ರು ಐಸು ಕಟ್ಟಿಕೊಂಡು ಬಂದರು. ಹಿತ್ತಲ ಬಾಗಿಲು ಓರೆ ಮಾಡಿ, ಇನ್ನೂ ಪುರುಸೊತ್ತಾಗಿಲ್ಲ, ಮುಂದಿನ ವಾರ ಬನ್ನಿ ಎಂದು ಹೇಳಿ ಕಳಿಸಿದೆ. ಹಿಂದಕ್ಕೆ ತಿರುಗಿದರೆ ಅತ್ತೆಯವರು ತುಳಸಿ ಕಟ್ಟೆಯ ಬಳಿ ಹೂ ಬಿಡಿಸುತ್ತಿದ್ದರು. ದಿನಗಳು ದಾಟಿದವು. ಅತ್ತೆಯವರು ನನ್ನ ಮುಖವನ್ನು ಓರೆಗಣ್ಣಿನಲ್ಲಿ ನೋಡತೊಡಗಿದರು. ಬಾವಿಯ ಹಗ್ಗ ನನ್ನ ಕೈಯಿಂದ ಕಿತ್ತುಕೊಂಡರು. ಒಂದು ಬೆಳಗ್ಗೆ ಸಗಣಿ ಕಷಾಯದ ತಟ್ಟೆಗಳ ಮೇಲಿನ ಗೋಣಿತಾಟು ಎತ್ತಿದೆ. ದಿನವೂ ಮೂಸಿ ಅಭ್ಯಾಸವಾಗಿದ್ದ ವಾಸನೆ. ಕರುಳೇ ಕಿತ್ತು ಬಂದಂತೆ ವಾಂತಿಯಾಯಿತು. ಮತ್ತೆ ಆ ಕೋಣೆಯ ಹತ್ತಿರ ಹೋಗಲಾಗಲಿಲ್ಲ. ಅತ್ತೆಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಸಕ್ಕರೆ ಇಟ್ಟು, ಕಣ್ಣೊರೆಸಿಕೊಂಡರು. ನನಗೂ ಬೇಡದ ಮಗುವಲ್ಲ. ಬೇಕೆಂದು ನಾನೂ ಅಶ್ವತ್ಥ ಕಟ್ಟೆ ಸುತ್ತಿದವಳೇ. ಆದರೆ ಇನ್ನು ತಿಂಗಳುಗಟ್ಟಲೆ ನನಗೆ ಆ ಮೂರು ದಿನ ಇಲ್ಲ, ಆಮೇಲೆ ಕೈಕೂಸು, ರಜೆಯ ಗಡುವು ಮುಗಿಯುತ್ತ ಬಂದಿದೆ ಎಂದು ಲೆಕ್ಕ ಹಾಕುತ್ತ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದೆ. ಎರಡು ಆಸೆಗಳಲ್ಲಿ ಒಂದು ಕೈಗೂಡಿದ್ದೇ ಇನ್ನೊಂದನ್ನು ಕಿತ್ತುಕೊಂಡಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಎಷ್ಟೋ ವರ್ಷದ ಮೇಲೆ ಹೊರದೇಶದ ಪತ್ರಿಕೆಯೊಂದರಲ್ಲಿ ಓದಿದೆ. ಬೇರೆ ಯಾರೋ, ಇನ್ನೆಲ್ಲೋ, ಅದೇ ತಣ್ಣನೆಯ ಸ್ಪಿರಿಟ್ಟಿನ ದಾರಿಯಲ್ಲಿ ಹೋಗಿ ಆ ವಸ್ತುವನ್ನು ಹಿಡಿದು ನಿಲ್ಲಿಸಿದ್ದರು. ಅವರಿಗೆ ಎಲ್ಲ ಕೆಲಸಕ್ಕೂ ಒಂದೇ ಕೋಣೆಯಿತ್ತು, ಬೇಕಾದಷ್ಟು ದಿನಗಳಿದ್ದವು. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಓದಿ, ಪತ್ರಿಕೆ ಮಡಚಿಟ್ಟು, ಅಕ್ಕಿ ಆರಿಸಿದೆ.

ಆದರೆ ನನಗೆ ಹೆಚ್ಚು ನೆನಪಾಗುವುದು, ಮುಂದಿನ ವಾರ ಬನ್ನಿ ಎಂದಿದ್ದಕ್ಕೆ ಮೇಷ್ಟ್ರು ಮತ್ತೆ ಐಸು ತಂದ ಮಧ್ಯಾಹ್ನ. ನಾನು ಬಚ್ಚಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದೆ. ಗಲ್ಲಿಯ ಬಾಗಿಲು ತಟ್ಟಿದ ಸದ್ದಾಯಿತು. ಏಳಲು ಹೋದರೆ ಕಣ್ಣು ಕತ್ತಲೆ. ಎದ್ದು ಹೋಗಿ ಅವರಿಗೆ ಏನೆಂದು ಹೇಳಲಿ, ಪರ ಗಂಡಸಿಗೆ ಹೇಗೆ ಹೇಳಲಿ ಎಂದು ಗೋಡೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ನಡುಮನೆಯಲ್ಲಿ ಮಲಗಿದ್ದಾರೆಂದು ನಾನು ತಿಳಿದಿದ್ದ ಅತ್ತೆಯವರು ನನ್ನನ್ನು ದಾಟಿ ಹೋದರು. ಮಡಿ ಸೀರೆಯಲ್ಲಿ, ಆ ಗಲ್ಲಿಯ ಬಾಗಿಲಿಗೆ. ಅಗಣಿ ತೆಗೆದರು.

“ಇನ್ನು ಬಹಳ ದಿವಸ ಅವಳಿಗೆ ಪುರುಸೊತ್ತಾಗೋಲ್ಲ ಮೇಷ್ಟ್ರೇ,” ಎಂದರು. “ಅವತ್ತು ಬಿಸಿಲಲ್ಲಿ ಅಷ್ಟು ಹೊತ್ತು ಕೂತಿದ್ರಿ. ನಾನು ನೋಡ್ದೆ. ನಿಮ್ಮ ಕೆಲಸ ಆಯ್ತಾ?”

“ಅರ್ಧ ಆಯ್ತು ತಾಯಿ,” ಎಂದರು ಮೇಷ್ಟ್ರು.

ಅತ್ತೆಯವರು ನಿಟ್ಟುಸಿರು ಬಿಟ್ಟರು. ತಿಂಗಳು ತಿಂಗಳು ಬಿಡುತ್ತಿದ್ದ ಅದೇ ನಿಟ್ಟುಸಿರು. ಅದು ಈಗ ನನ್ನ ಬೂಷ್ಟಿಗಾಗಿ. ಅವರು ಬಾಗಿಲು ಮುಚ್ಚಿ ತಿರುಗಿದಾಗ ಸೆರಗಿನ ತುದಿಯಲ್ಲಿ ಒಂದು ಐಸಿನ ಚೂರಿತ್ತು. ಆ ಗಲ್ಲಿಯಿಂದ, ಆ ಕೈಯಿಂದ ಬಂದದ್ದನ್ನು ಅವರು ಮಡಿ ಸೀರೆಯಲ್ಲಿ ಇಸಿದುಕೊಂಡಿದ್ದರು. ಅದನ್ನು ಬಾವಿಯ ನೀರಿನಲ್ಲಿ ತೊಳೆದು ನನ್ನ ಕೈಗಿಟ್ಟು, “ಬಾಯಲ್ಲಿಟ್ಕೋ, ವಾಂತಿ ನಿಲ್ಲತ್ತೆ,” ಎಂದು ಹೇಳಿ, ಮತ್ತೆ ಸ್ನಾನ ಮಾಡಲು ಬಚ್ಚಲೊಲೆಗೆ ಉರಿ ಹಾಕತೊಡಗಿದರು.

ಆಚೆ ಸೈಕಲ್ಲು ಹೊರಟ ಸದ್ದು ಕೇಳಿಸಿತು. ಐಸು ಬಾಯಲ್ಲಿ ಕರಗಿ ಮುಗಿಯುವ ತನಕ ನಾನು ಅಲ್ಲೇ ಕೂತಿದ್ದೆ.